ಅಯಸ್ಕಾಂತಕ್ಕೆ ಅಂಟಿದ ಬೆಳ್ಳಿ

“ಅಲ್ಲಾಡಬ್ಯಾಡ್ರಿ ಮೇಡಂ. ಫೋನ್ ಹಂಗ ಹಿಡೀರಿ.”

ಇನ್ಸ್‌ಪೆಕ್ಟರ್ ಶಿವಗಂಗಾ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಅವಳ ಫೋನು ಗಾಜಿನ ತಟ್ಟೆಯಿಂದ ಎರಡು ಬೆರಳು ಮೇಲಿತ್ತು. ತಟ್ಟೆಯಲ್ಲಿ ಚಿಟಿಕೆಯಷ್ಟು ಕಪ್ಪು ಪುಡಿ. ಅದರ ಫೋಟೋ ತೆಗೆಯಲೆಂದು ಅವಳು ಫೋನಿನ ಹೊದಿಕೆಯನ್ನು ಹಿಂದಕ್ಕೆ ಮಡಚಿದ್ದಳು. ತಂತಾನೇ ಮುಚ್ಚಿಕೊಳ್ಳಲೆಂದು ಆ ಹೊದಿಕೆಯ ಅಂಚಿನಲ್ಲಿ ಒಂದು ಸಣ್ಣ ಅಯಸ್ಕಾಂತವಿತ್ತು.

ಪುಡಿ ಎದ್ದು ನಿಂತಿತ್ತು.

ಹುಲ್ಲಿನ ಮೊಳಕೆಯಂತೆ ಸಣ್ಣ ಸಣ್ಣ ಮುಳ್ಳುಗಳು. ಫೋನು ಬಲಕ್ಕೆ ಸರಿದರೆ ಅವೂ ಬಲಕ್ಕೆ ವಾಲಿದವು.

“ಇದು ಬೆಳ್ಳಿ ಅಲ್ಲ,” ಎಂದಳು ಖುಶನುಮಾ. ಮೂಗು ಬಾಯಿ ಬಿಗಿಯಾಗಿ ಮುಚ್ಚಿದ ದಪ್ಪ ಮಾಸ್ಕಿನೊಳಗಿಂದ ಅವಳ ದನಿ ಬಾವಿಯಿಂದ ಬಂದಂತಿತ್ತು. “ಬೆಳ್ಳಿ ಅಯಸ್ಕಾಂತಕ್ಕ ಹತ್ತೂದಿಲ್ಲ.”

ಸೀರೆಗಳಿಗೂ ಹೆರಿಗೆ ದವಾಖಾನೆಯ ಬಟ್ಟೆಗಳಿಗೂ ನ್ಯಾನೋ ಬೆಳ್ಳಿಯ ಲೇಪ ಹಾಕುತ್ತಿದ್ದ ಜಲಾಲುದ್ದೀನ ಇಳಕಲ್ಲಿನ ಇದೇ ಶೆಡ್ಡಿನಲ್ಲಿ ಕೆಮ್ಮುತ್ತ ಕುಸಿದು ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದ; ಎಲ್ಲರೂ ನಿಮೋನಿಯಾ ಎಂದು ಸುಮ್ಮನಾದಾಗ ಠಾಣೆಗೆ ದೂರು ಕೊಟ್ಟವಳು ಅವನ ಹೆಂಡತಿ ಸುಗರಾ.

ಸಂತೋಷಕುಮಾರನೆಂಬ ಮಾರಾಟಗಾರ ತಂದುಕೊಡುತ್ತಿದ್ದ ಬೆಳ್ಳಿ ದ್ರವದ ಮೇಲೆ ಸುಗರಾಳಿಗೆ ಅನುಮಾನ. ಆದರೆ ಈ ಮುಂಜಾನೆ ಹಬೆ ಯಂತ್ರದ ಹಿಂದೆ ಸಿಕ್ಕ ತಗಡಿನ ಡಬ್ಬಿಯಲ್ಲಿದ್ದದ್ದು ದ್ರವವಲ್ಲ. ಒಣ ಪುಡಿ. ಡಬ್ಬಿಯ ಮೇಲೆ ಹೆಸರಿಲ್ಲ, ಚೀಟಿಯಿಲ್ಲ.

“ಹಂಗಾದ್ರ ಏನಿದು? ಕಬ್ಬಿಣಾನ?”

“ಕಬ್ಬಿಣ ಇಷ್ಟು ಸಣ್ಣಾಗಿ ಗಾಳಿಗೆ ಬಿದ್ರ ಇಷ್ಟೊತ್ತಿಗೆ ತುಕ್ಕು ಹಿಡದು ಕಂದಾಗ್ತಿತ್ತು. ನಿಕ್ಕಲ್ ಇರಬೇಕು. ಲ್ಯಾಬಿಗೆ ಒಯ್ದು ಖಾತ್ರಿ ಮಾಡ್ತೇನಿ.”

ಖುಶನುಮಾ ಬಾಗಲಕೋಟೆಯ ಕಾಲೇಜೊಂದರಲ್ಲಿ ನ್ಯಾನೋ ಕಣಗಳ ಪ್ರಯೋಗಶಾಲೆ ನೋಡಿಕೊಳ್ಳುವ ಪ್ರಾಧ್ಯಾಪಕಿ. ಪೊಲೀಸರು ಕೇಳಿಕೊಂಡ ಕೂಡಲೇ ಮಾಸ್ಕು, ಕೈಗವಸು ಎಲ್ಲ ಹೊತ್ತುಕೊಂಡು ಬಂದಿದ್ದಳು. ಈಗ ಅವಳು ತಟ್ಟೆಯ ಮೇಲೆ ಮುಚ್ಚಳ ಇಡುವಾಗ ಗಾಜಿಗೆ ಗಾಜು ತಾಗಿ ಕಿಣಿಕಿಣಿ ಸದ್ದಾಯಿತು.

ಶಿವಗಂಗಾ ಅದನ್ನು ಗಮನಿಸಿಯೂ ಗಮನಿಸದಂತೆ ಕೇಳಿದಳು: “ನಿಕ್ಕಲ್ ನಮ್ಮ ಸ್ಟೀಲ್ ಡಬರಿಯೊಳಗೂ ಇರ್ತೈತಲ್ರಿ. ಅದರಾಗ ಸಾರು ಕಾಸಿ ಉಣ್ತೇವಿ. ಯಾರೂ ಸಾಯೂದಿಲ್ಲ.”

“ಡಬರಿ ಉಸಿರಿನ್ಯಾಗ ಹೋಗೂದಿಲ್ಲ ಮೇಡಂ.”

“ನನಗ ತಿಳಿಯೂ ಹಂಗ ಹೇಳ್ರಿ.”

“ಬೆಲ್ಲದ ಹೆಂಟಿ ಹಂಗ ನೀರಿಗೆ ಹಾಕಿದ್ರ ಕರಗಾಕ ಹೊತ್ತು ಹಿಡಿತೈತಿ. ಕುಟ್ಟಿ ಹಾಕಿದ್ರ ಆಗಿಂದಾಗ ಕರಗ್ತೈತಿ. ಬೆಲ್ಲ ಅದ, ಆದ್ರ ನೀರಿಗೆ ತಾಕೂ ಮೈ ಹೆಚ್ಚಾತು. ಇದರೊಳಗಿನ ಒಂದೊಂದು ಕಣ ತಲಿಗೂದಲ ದಪ್ಪಕ್ಕಿಂತ ಸಾವಿರ ಪಟ್ಟು ಸಣ್ಣದು. ಈ ಚಿಟಿಕಿ ಪುಡಿಯ ಮೈಯೆಲ್ಲಾ ಬಿಚ್ಚಿ ಹಾಸಿದ್ರ ಒಂದು ಸಣ್ಣ ಖೋಲಿ ತುಂಬತೈತಿ. ಅಷ್ಟೂ ಮೈ ಒಮ್ಮಿಗೇ ಪುಪ್ಪಸಕ್ಕ ತಾಕಿದ್ರ?”

ಶಿವಗಂಗಾ ತಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

“ದೊಡ್ಡ ಧೂಳು ಮೂಗಿನ್ಯಾಗ, ಗಂಟಲದಾಗ ನಿಲ್ತೈತಿ. ಸೀನಿದ್ರ ಹೊರಗ. ಇದು ನಿಲ್ಲೂದಿಲ್ಲ. ಪುಪ್ಪಸದ ಕಡೀ ತುದಿತನಾ ಹೋಗ್ತೈತಿ, ಗಾಳಿ ರಕ್ತಕ್ಕ ಸೇರೂ ಜಾಗಾಕ. ಅಲ್ಲಿ ಸುಟ್ಟಂಗ ಮಾಡಿಬಿಡ್ತೈತಿ. ಆಮ್ಯಾಲ ನೀರು ತುಂಬತೈತಿ. ನಿಮೋನಿಯಾ ಅಂದ ಡಾಕ್ಟ್ರದು ತಪ್ಪಿಲ್ಲ.”

“ಇಂಥಾದ್ದನ್ನ ಮಾಡೂದರ ಯಾಕ್ರಿ ಮತ್ತ?”

ಖುಶನುಮಾ ಮೊದಲ ಸಲ ತಲೆಯೆತ್ತಿ ನೇರ ನೋಡಿದಳು. “ಸುಟ್ಟ ಗಾಯದ ಪಟ್ಟಿಗೆ ನ್ಯಾನೋ ಬೆಳ್ಳಿ ಹಚ್ಚಿದ್ರ ಕೀವು ತಡಿತೈತಿ. ನಿಕ್ಕಲ್ ಬ್ಯಾಟರಿ ಕೆಲಸಕ್ಕ ಬೇಕು. ನೀರಿನ್ಯಾಗ ಇದ್ದಾಗ, ಬಟ್ಟಿಗೆ ಗಟ್ಟಿ ಹತ್ತಿದಾಗ ಇವು ನಮ್ಮ ಮಾತು ಕೇಳ್ತಾವ. ಒಣಗಿ ಗಾಳಿಗೆ ಎದ್ದ ಮ್ಯಾಲ ಯಾರ ಮಾತೂ ಕೇಳೂದಿಲ್ಲ.”

“ಜಲಾಲುದ್ದೀನಗ ಕಪ್ಪ ಪುಡಿ ನೋಡಿ ಸಂಶೆ ಬರಲಿಲ್ಲೇನು? ಬೆಳ್ಳಿ ಬೆಳ್ಳಗಿರ್ತೈತಿ.”

“ಇಷ್ಟು ಸಣ್ಣದಾದ ಮ್ಯಾಲ ಬೆಳ್ಳಿನೂ ಕಪ್ಪ ಕಾಣ್ತೈತಿ. ನೀರಿನ್ಯಾಗ ಕದಡಿದ್ರ ಹಳದಿ. ಎರಡೂ ಡಬ್ಬಿ ಮುಂದಿಟ್ರ ಕಣ್ಣಿಂದ ನನಗೂ ಗುರ್ತು ಹಿಡಿಯಾಕ ಆಗೂದಿಲ್ಲ.”

“ಅವ ನಿಮಗ ಗೊತ್ತಿದ್ನೇನು?”

“ಇಲ್ಲ.”

ಉತ್ತರ ಬಹಳ ಬೇಗ ಬಂದಿತ್ತು.

ಹೊರಗೆ ಹೆಡ್ ಕಾನ್‌ಸ್ಟೇಬಲ್ ಈರಪ್ಪ ಶೆಡ್ಡಿನ ಹಿಂಗೋಡೆಯ ಹತ್ತಿರ ನಿಂತು ಕೂಗಿದ. “ಮೇಡಂ, ಒಂದೀಟು ಇಲ್ಲಿ ಬರ್ರಿ.”

ಅವನು ತೋರಿಸಿದ್ದು ಗೋಡೆಯ ಮೇಲಿನ ದೊಡ್ಡ ಫ್ಯಾನು. ಒಳಗಿನ ಆವಿ, ವಾಸನೆಯನ್ನೆಲ್ಲ ಹೊರಗೆ ತಳ್ಳಲೆಂದು ಕೂಡಿಸಿದ್ದು. ಅದರ ಹೊರಗಿನ ಜಾಳಿಗೆಯ ತುಂಬ ಹತ್ತಿಯ ಎಳೆ, ಬೇವಿನ ಒಣ ಎಲೆಯ ಚೂರು. ಎಲ್ಲವೂ ಹೊರಗಿನಿಂದ ಬಂದು ತೂತಿನೊಳಗೆ ಸಿಕ್ಕಿಕೊಂಡಿದ್ದವು.

“ಗಾಳಿ ಹೊರಗ ದಬ್ಬಿದ್ರ ಕಸ ಜಾಳಿಗಿಗೆ ಹತ್ತತಿದ್ದಿಲ್ರಿ,” ಎಂದ ಈರಪ್ಪ. “ಇದು ಒಳಗ ಎಳದೈತಿ. ಹಚ್ಚಿ ನೋಡಲಿ?”

“ಬ್ಯಾಡ್ರಿ!” ಖುಶನುಮಾ ಬಾಗಿಲಿನಿಂದಲೇ ಕಿರುಚಿದಳು. “ಒಳಗ ಇನ್ನೂ ಪುಡಿ ಐತಿ!”

ಈರಪ್ಪ ಏಣಿ ಹಾಕಿ ಹತ್ತಿ, ಮೋಟಾರಿನ ವೈರು ಕೂಡುವ ಪೆಟ್ಟಿಗೆಯನ್ನು ಬಿಚ್ಚಿದ. ಮೂರು ವೈರು. ಎರಡಕ್ಕೆ ಹೊಸ ಟೇಪು, ಹೊಳೆಯುವ ಕಪ್ಪು. ಮೂರನೆಯದು ಹಳೆಯದು, ಧೂಳು ತಿಂದದ್ದು. ಆ ಎರಡನ್ನು ಯಾರೋ ಬಿಚ್ಚಿ ಅದಲು ಬದಲು ಮಾಡಿ ಜೋಡಿಸಿದ್ದರು. ಅಷ್ಟು ಮಾಡಿದರೆ ಸಾಕು, ಇಂಥ ಮೋಟಾರು ತಿರುಗಾ ಮುರುಗಾ ತಿರುಗುತ್ತದೆ.

ಜಲಾಲುದ್ದೀನ ಡಬ್ಬಿ ಬಿಚ್ಚುವ ಮುಂಚೆ ಫ್ಯಾನು ಹಚ್ಚಿರಬೇಕು. ಜಾಗ್ರತೆಯ ಮನುಷ್ಯ. ಆ ಜಾಗ್ರತೆಯೇ ಪುಡಿಯನ್ನು ಎಬ್ಬಿಸಿ ಅವನ ಮುಖಕ್ಕೆ ಎರಚಿತ್ತು.

“ಈ ಫ್ಯಾನಿನ ಕೆಲಸ ಯಾರ ಮಾಡ್ತಾರ?”

“ಶಾಬುದ್ದೀನ ಅಂತ್ರಿ. ಸತ್ತಾವನ ತಮ್ಮ. ಹುನಗುಂದದಾಗ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಾನ.”

ಶೆಡ್ಡಿಗೆ ಹೊಂದಿಕೊಂಡೇ ಮನೆ. ಗಂಡ ತೀರಿದ ಮೇಲೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳಲ್ಲಿದ್ದ ಸುಗರಾ ಪರದೆಯ ಆಚೆ ಕೂತೇ ಮಾತಾಡಿದಳು. ಶಿವಗಂಗಾ ಪರದೆ ದಾಟಿ ಒಳಗೆ ಹೋಗಿ ಅವಳ ಎದುರು ಚಾಪೆಯ ಮೇಲೆ ಕೂತಳು. ಸುಗರಾಳ ಕಣ್ಣು ಬಾತಿದ್ದವು.

“ಸುಗರಾಬಿ, ಅಣ್ಣ ತಮ್ಮ ಹೆಂಗಿದ್ರು?”

“ಶಾಬುದ್ದೀನಗ ಈ ಬೆಳ್ಳಿ ಧಂದೆನ ಬ್ಯಾಡಾಗಿತ್ರಿ. ಮಗ್ಗದ ಮನಿ ಮಗ್ಗದ ಮನಿನ ಆಗಿರಲಿ ಅಂತಿದ್ದ. ಜಗಳಾ ಆಗಿತ್ತು. ಆದ್ರ ಅಣ್ಣ ದವಾಖಾನ್ಯಾಗ ಇದ್ದಾಗ ಅವನ ಕಾಲ ಕಡೆ ಕುಂತಾವ ಎದ್ದಿಲ್ರಿ.”

“ಶೆಡ್ಡಿನೊಳಗ ನೀವು ಹೋಗ್ತಿದ್ರೇನು?”

“ಇಲ್ರಿ. ಆ ವಾಸನಿ ನನಗ ಆಗಂಗಿಲ್ಲ. ಎಂದೂ ಕಾಲಿಟ್ಟಿಲ್ಲ.”

ಹೊರಡುವಾಗ ಖುಶನುಮಾ ಜೀಪಿನ ತನಕ ಬಂದಳು. ಅವಳೂ ಒಬ್ಬ ಕಾನ್‌ಸ್ಟೇಬಲ್ಲೂ ಇಲ್ಲೇ ಉಳಿದು ಡಬ್ಬಿಗೆ ಮೊಹರು ಹಾಕುವುದೆಂದು ನಿಶ್ಚಯವಾಗಿತ್ತು. “ಸಂತೋಷಕುಮಾರನ ದ್ರವ ಸಿಕ್ಕರ ಅದಕ್ಕ ಉಪ್ಪು ಹಾಕಿ ನೋಡ್ರಿ ಮೇಡಂ. ಬೆಳ್ಳಿ ಕಣ ದೂರ ದೂರ ಇದ್ದಾಗಷ್ಟ ಹಳದಿ. ಉಪ್ಪು ಬಿದ್ರ ಕೂಡಿ ಮುದ್ದಿ ಆಗ್ತಾವ, ಹಳದಿ ಹೋಗಿ ಬೂದಿ ಬಣ್ಣ ಬರ್ತೈತಿ. ಬರೇ ಬಣ್ಣದ ನೀರಿದ್ರ ಹಳದಿ ಹಂಗ ಉಳಿತೈತಿ.”

ಮಾರಾಟಗಾರನನ್ನು ಹುಡುಕಿ ಹೋದ ಬಾದಾಮಿಯ ಲಾಡ್ಜಿನ ಮಾಳಿಗೆಯಿಂದ ಕೆರೆ, ಕೆಂಪು ಬಂಡೆ ಎರಡೂ ಕಾಣುತ್ತಿದ್ದವು. ಸಂತೋಷಕುಮಾರ ಲಾಡ್ಜಿನ ಮಾಲೀಕನ ಮುಂದೆ ಒಂದು ಕಲ್ಲಿನ ತುಂಡಿನ ಮೇಲೆ ನೀರು ಸುರಿಯುತ್ತಿದ್ದ. ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ಉರುಳಿ ಬಿದ್ದವು. ಕಲ್ಲು ಒಣಗಿದ್ದು ಒಣಗಿದಂತೆಯೇ ಇತ್ತು.

“ನೋಡ್ರಿ, ನ್ಯಾನೋ ಲೇಪ. ಮಳಿ ಬಂದ್ರೂ ನಿಮ್ಮ ಗ್ವಾಡಿ...” ಅಷ್ಟರಲ್ಲಿ ಖಾಕಿ ಕಂಡು ಅವನ ಮಾತು ನಿಂತಿತು. ಕೂಡಲೇ ನಗೆಯೂ ಬಂತು. “ಬರ್ರಿ ಮೇಡಂ, ಬರ್ರಿ. ಚಹಾ ಹೇಳ್ಲಿ?”

“ಚಹಾ ಬ್ಯಾಡ. ಒಂದಿಷ್ಟು ಉಪ್ಪು ತರಸ್ರಿ.”

ನಗೆ ಹಾಗೇ ಇತ್ತು, ಆದರೆ ಕಣ್ಣು ಅದರ ಜೊತೆ ಉಳಿಯಲಿಲ್ಲ.

ಮಾಲೀಕ ಉಪ್ಪಿನ ಬಟ್ಟಲು ಇಟ್ಟು ಮೆಲ್ಲಗೆ ಕೆಳಗಿಳಿದ. ಶಿವಗಂಗಾ ಸಂತೋಷಕುಮಾರನ ಚೀಲದಿಂದ ಒಂದು ಬಾಟಲಿ ಎತ್ತಿಕೊಂಡಳು. ಒಳಗೆ ಜೇನಿನಂಥ ಹಳದಿ ದ್ರವ. ಗಾಜಿನ ಲೋಟಕ್ಕೆ ಸುರಿದು ಎರಡು ಚಿಟಿಕೆ ಉಪ್ಪು ಹಾಕಿ ಚಮಚೆಯಿಂದ ಕದಡಿದಳು.

ಇಬ್ಬರೂ ಲೋಟ ನೋಡುತ್ತ ಕೂತರು. ಗೋಡೆಯ ಮೇಲೊಂದು ಮಂಗ ಬಂದು ಕೂತು ಅದೂ ನೋಡಿತು.

ಹಳದಿ ಹಳದಿಯಾಗಿಯೇ ಉಳಿಯಿತು.

“ಬೆಳ್ಳಿ ಎಲ್ಲೈತ್ರಿ ಇದರಾಗ?”

“ಅದು... ಮೇಡಂ, ಅದು ಬ್ಯಾರೆ ತರದ್ದು, ಅದಕ್ಕ ಉಪ್ಪು...”

“ಸಂತೋಷಕುಮಾರ.”

ಅವನು ಹಣೆ ಒರೆಸಿಕೊಂಡ. ಈರಪ್ಪ ಮಾಳಿಗೆಯ ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದ.

“ಕಲ್ಲಿನ ಲೇಪ ಖರೆ ಐತ್ರಿ. ನನ್ನ ಮಕ್ಕಳಾಣಿ. ಬೆಳ್ಳಿದೂ ಮೊದಲ ಸಲ ಖರೆ ಕೊಟ್ಟಿದ್ದೆ. ಆಮ್ಯಾಲ ಮಾಲು ಬರೂದು ನಿಂತು ಹೋತು. ಬಣ್ಣಾ ಕಲಸಿದೆ.”

“ಬಾಣಂತ್ಯಾರ ಹಾಸಿಗಿಗೆ ಹೋಗೂ ಬಟ್ಟಿಗೆ.”

“ಅದರಿಂದ ಯಾರೂ ಸಾಯೂದಿಲ್ರಿ! ಬರೇ ಬಣ್ಣದ ನೀರು.”

“ಜಲಾಲುದ್ದೀನ ಸತ್ತಾನ.”

“ನನ್ನಿಂದ ಅಲ್ರಿ!” ಅವನು ಎದ್ದು ನಿಂತ. ಮಂಗ ಬೆದರಿ ಗೋಡೆಯಿಂದ ಹಾರಿತು. “ಮೋಸಾ ಮಾಡೇನಿ. ಒಪ್ಕೋತೇನಿ. ಕೊಲಿ ಮಾಡಿಲ್ಲ.”

“ಅವಗ ನಿನ್ನ ಮೋಸಾ ಗೊತ್ತಾಗಿತ್ತು. ಹೊರಗ ಹೇಳಿದ್ರ ನಿನ್ನ ಕಥಿ ಮುಗೀತು. ಒಣ ಪುಡಿ ಇದ ಖರೆ ಬೆಳ್ಳಿ ಅಂತ ಕೊಟ್ಟಿ. ಹೌದಲ್ಲೋ?”

“ಪುಡಿ? ಎಂಥಾ ಪುಡಿ ರೀ?”

ಶಿವಗಂಗಾ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವಾಗ ಇವನು ನಗುತ್ತಾನೆ ಎಂದು ಅವಳಿಗೆ ಆಗಲೇ ತಿಳಿದಿತ್ತು. ಈಗ ಅವನು ನಗಲಿಲ್ಲ.

“ನಾ ಎಂದೂ ಪುಡಿ ಮುಟ್ಟಿಲ್ರಿ. ಮನ್ಯಾಗ ಸಣ್ಣ ಮಕ್ಕಳದಾವ. ಪುಡಿ ಇಟ್ಕೊಂಡು ಮಾರೂ ಅಷ್ಟು ಧೈರ್ಯಾ ನನಗಿಲ್ಲ.” ಅವನು ಕುರ್ಚಿಯಲ್ಲಿ ಕುಸಿದು ಕೂತ. “ಜಲಾಲಸಾಬ್ರು ನನ್ನ ಅಂಗಡಿಗೆ ಬಂದು ಈಗ ನೀವು ಮಾಡಿದ್ರಲ್ಲ, ಇದ ಉಪ್ಪಿನ ಆಟ ಮಾಡಿ ತೋರಿಸಿದ್ರು. ನನ್ನ ಅಂಗಿ ಕೊರಳು ಹಿಡದ್ರು. ಹಸಿ ಮೈ ಬಾಣಂತ್ಯಾರ ಕೆಳಗ ಹಾಸೂ ಬಟ್ಟಿಲೇ ಅಂತ ಅತ್ತಬಿಟ್ರು. ನನಗ ಹೊಡದಿದ್ರ ಛಲೋ ಇತ್ತು ಅನಸ್ತು.”

“ಉಪ್ಪು ಹಾಕಿ ನೋಡೂದು ಅವಗ ಯಾರ ಹೇಳಿ ಕೊಟ್ರು?”

“ಬಾಗಲಕೋಟ್ಯಾಗ ಕಾಲೇಜಿನ ಮೇಡಂ ಒಬ್ರು. ನಿನ್ನ ಸುಳ್ಳು ಬೆಳ್ಳಿ ಬ್ಯಾಡ, ಅವ್ರು ಖರೇದು ಕೊಡ್ತಾರ ಅಂದು ಹೋದ್ರು.”

“ಹೆಸರು?”

“ಖುಶನುಮಾ ಅಂತ್ರಿ.”

ಸಂತೋಷಕುಮಾರನನ್ನು ಜೀಪಿನ ಹಿಂದೆ ಕೂಡಿಸಿ ಈರಪ್ಪ ಗಾಡಿ ಹೊರಡಿಸಿದ. ಪಟ್ಟದಕಲ್ಲಿನ ದಾರಿ ಹಿಡಿಯುವ ತನಕ ಶಿವಗಂಗಾಳ ತಲೆಯಲ್ಲಿ ಆ ಹೆಸರೇ ಇತ್ತು: ಖುಶನುಮಾ. ತಾನೇ ಕೇಳಿಕೊಂಡು ಕರೆಸಿದ ಸಾಕ್ಷಿ. ತನ್ನ ಕೈಯಿಂದಲೇ ಅವಳಿಗೆ ಡಬ್ಬಿ ಒಪ್ಪಿಸಿ ಬಂದಿದ್ದಳು.

ಅವಳು ನಂಬರು ಒತ್ತಬೇಕೆನ್ನುವಷ್ಟರಲ್ಲಿ ಫೋನು ತಾನೇ ಮೊಳಗಿತು. ಖುಶನುಮಾ.

“ಮೇಡಂ, ಸುಗರಾಬಿಗೆ ಉಸಿರು ಸಿಗವಲ್ದು. ನನ್ನ ಕಾರಿನ್ಯಾಗ ಹಾಕ್ಕೊಂಡು ದವಾಖಾನಿಗೆ ತಂದೇನಿ. ಆಕ್ಸಿಜನ್ ಹಚ್ಚ್ಯಾರ.” ಹಿಂದೆ ಯಾರೋ ಓಡಾಡುವ, ಕಬ್ಬಿಣದ ಮಂಚ ಎಳೆಯುವ ಸದ್ದು. “ಜಲಾಲುದ್ದೀನಗ ಆದ ಹಂಗ ಆಗಾಕತ್ತೈತಿ. ಅದ ನಿಕ್ಕಲ್.”

“ಜಲಾಲುದ್ದೀನ ನಿಮಗ ಗೊತ್ತಿದ್ದಿಲ್ಲ ಅಂದ್ರಿ.”



“ಗೊತ್ತಿದ್ದ. ನನ್ನ ಲ್ಯಾಬಿಗೆ ಬಂದಿದ್ದ. ಮೋಸ ಹೋಗೇನಿ, ಹೆತ್ತ ಹೆಣ್ಮಕ್ಕಳಿಗೆ ಮುಖ ತೋರಸಲಿ ಹೆಂಗ ಅಂದ. ಹೋಲಿಸಿ ನೋಡಾಕ ಅಂತ ನಾ ಒಂದು ಡಬ್ಬಿ ಬೆಳ್ಳಿ ಪುಡಿ ಕೊಟ್ಟೆ. ನೀರಿನ್ಯಾಗ ಮುಳುಗಿಸಿನ ಬಿಚ್ಚಬೇಕು ಅಂತ ಹತ್ತು ಸಲ ಹೇಳಿದ್ದೆ. ಫ್ಯಾನ್ ಐತೆಲ್ಲ ಅಂತ ಒಣಾನ ಬಿಚ್ಚಿರಬೇಕು. ಲ್ಯಾಬಿನ ಮಾಲು ಹೊರಗ ಕೊಡೂ ಹಂಗಿಲ್ಲ, ಅದಕ್ಕ ನಿಮಗ ಸುಳ್ಳು ಹೇಳಿದೆ. ನನ್ನ ಬೆಳ್ಳಿನ ಅವನ್ನ ಕೊಂದಿತು ಅಂತ ಇಷ್ಟು ದಿನ ನಿದ್ದಿ ಇಲ್ಲ ಮೇಡಂ. ಇವತ್ತ ಮುಂಜಾನಿ ಆ ಪುಡಿ ಎದ್ದು ನಿಂತಾಗ...” ಅವಳ ದನಿ ಒಡೆಯಿತು. “ನಾ ಕೊಟ್ಟದ್ದು ಬೆಳ್ಳಿ. ಯಾರೋ ಬದಲಿ ಮಾಡ್ಯಾರ.”

ನಂಬಬೇಕೋ ಬೇಡವೋ ಎಂದು ತೂಗುವ ಹೊತ್ತು ಇದಲ್ಲ. “ಸುಗರಾಬಿ ಶೆಡ್ಡಿಗೆ ಎಂದೂ ಕಾಲಿಟ್ಟಿಲ್ಲ ಅಂದಾಳ. ಆಕಿ ದೂರು ಕೊಟ್ಟ ದಿನದಿಂದ ಶೆಡ್ಡಿಗೆ ನಮ್ಮ ಮೊಹರು ಐತಿ. ಆಕಿಗೆಲ್ಲಿಂದ ಬಂತು?”

“ಅದನ್ನ ಹೇಳಾಕ ಫೋನ್ ಮಾಡಿದೆ. ತಡೀರಿ, ಆಕಿ ಮಾತಾಡತೇನಿ ಅಂತಾಳ.”

ಉಸಿರೆಳೆಯುವ ಸದ್ದು ಮೊದಲು ಕೇಳಿಸಿತು. ಹರಿದ ಬಟ್ಟೆಯನ್ನು ಇನ್ನಷ್ಟು ಹರಿದಂತೆ.

“ಮೇಡಂ... ಹೋಗಿದ್ದೆ. ಅವ್ರನ್ನ ದವಾಖಾನಿಗೆ ಹಾಕಿದ ದಿನ. ಹಗ್ಗದ ಮ್ಯಾಲ ಬಟ್ಟಿ ಒಣಗ್ತಿದ್ದವು. ಕೂಸು ಸುತ್ತೂ ಬಟ್ಟಿ... ಅವನ್ನ ಕೊಡೂದು ತಡಾ ಆಗಬಾರದು ಅಂದಿದ್ರು ಅವ್ರು. ತಂದು ಟ್ರಂಕಿನ್ಯಾಗ ಇಟ್ಟೆ. ನೀವು ಬೈತೀರಿ ಅಂತ ಹೇಳಲಿಲ್ಲ.” ಕೆಮ್ಮು. ಬಹಳ ಹೊತ್ತು ಕೆಮ್ಮು. “ನಿನ್ನಿ ಝಾಡಿಸಿ ಮಡಚಿ ಕೊಟ್ಟೆ. ಧೂಳು ಕಂಡಿತು. ಧೂಳು ಅಂದ್ಕೊಂಡೆ.”

“ಯಾರ ಕೈಯಾಗ ಕೊಟ್ರಿ? ಎಲ್ಲಿಗೆ?”

“ಶಾಬುದ್ದೀನಗ. ಹುನಗುಂದದ ಹೆರಿಗಿ ದವಾಖಾನಿಗೆ. ಅವನ ಹೆಂಡತಿನೂ ಅಲ್ಲೇ ಹಡದಾಳ್ರಿ... ಮೊನ್ನಿ... ಗಂಡು ಕೂಸು.”

ಈರಪ್ಪ ಆಗಲೇ ಜೀಪನ್ನು ಬದಿಗೆ ಹಾಕಿ ಹುನಗುಂದ ಠಾಣೆಗೆ ಫೋನು ಹಚ್ಚಿದ್ದ. “ಎಲ್ಲಾರನೂ ವಾರ್ಡಿನಿಂದ ಹೊರಗ ತಗೀರಿ ಅನ್ನು,” ಎಂದಳು ಶಿವಗಂಗಾ. “ಬಟ್ಟಿ ಗಂಟು ಯಾರೂ ಬಿಚ್ಚಬಾರದು. ಬಿಚ್ಚಿದ್ರ ಅದರ ಮ್ಯಾಲ ನೀರು ಹಾಕಬೇಕು, ಝಾಡಿಸಬಾರದು.” ಹಿಂದಿನ ಸೀಟಿನಲ್ಲಿ ಸಂತೋಷಕುಮಾರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಅವಳು ಶಾಬುದ್ದೀನನ ನಂಬರು ಒತ್ತಿದಳು. ಫ್ಯಾನಿನ ವೈರು ಬಿಚ್ಚಬಲ್ಲ ಮನುಷ್ಯ. ಅಣ್ಣನ ಧಂದೆ ಬೇಡವಾಗಿದ್ದ ಮನುಷ್ಯ. ಅವನು ಎತ್ತುತ್ತಾನೆಂಬ ನಂಬಿಕೆ ಅವಳಿಗಿರಲಿಲ್ಲ.

ಮೊದಲ ರಿಂಗಿಗೇ ಎತ್ತಿದ.

“ಹೇಳ್ರಿ ಮೇಡಂ.” ದನಿಯಲ್ಲಿ ದುಃಖವೂ ಇತ್ತು, ಹೊಸ ಅಪ್ಪನ ಸಡಗರವೂ ಇತ್ತು. “ದವಾಖಾನ್ಯಾಗ ಅದೇನ್ರಿ. ನಾಳಿ ಠಾಣಿಗೆ ಬರಲೇನು?”

“ಶಾಬುದ್ದೀನ, ನಿಮ್ಮ ವೈನಿ ಕೊಟ್ಟ ಬಟ್ಟಿ ಎಲ್ಲದಾವ?”

“ಇಲ್ಲೇ ಅದಾವ್ರಿ. ಅಣ್ಣನ ಕೈಯಿಂದ ಆದ ಕಡೀ ಬಟ್ಟಿ. ಸಿಸ್ಟರ್‌ಗೆ ಕೊಡೂ ಮುಂಚೆ ಎರಡು ನಮಗ ತಗೊಂಡ್ವಿ.”

“ಉಳಿದ ಗಂಟು ಮುಟ್ಟಬ್ಯಾಡ. ಯಾರಿಗೂ ಮುಟ್ಟಗೊಡಬ್ಯಾಡ. ಅವು ಮೈಗೆ ಛಲೋ ಅಲ್ಲ.”

ಅಷ್ಟೇ ಅವಳು ಹೇಳಿದ್ದು. ದೂರದಲ್ಲೊಂದು ಕೂಸು ಅಳುತ್ತಿತ್ತು, ಹೆಂಗಸೊಬ್ಬಳು ಜೋ ಅನ್ನುತ್ತಿದ್ದಳು. ಮತ್ತೆ ಬಂದ ದನಿ ಬೇರೆಯವರದೆಂಬಂತೆ ಇತ್ತು.

“ಬಟ್ಟಿಗೂ ಬಿದ್ದಿತ್ತೇನ್ರಿ ಆ ಕರಿ ಪುಡಿ?”

ಶಿವಗಂಗಾ ಫೋನನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪುಡಿಯ ಮಾತನ್ನು ಅವಳು ಎತ್ತಿರಲಿಲ್ಲ. ಈ ಮುಂಜಾನೆಯ ತನಕ ಪೊಲೀಸರಿಗೂ ಗೊತ್ತಿರಲಿಲ್ಲ.

ಕೇಳುವುದು ಬಹಳವಿತ್ತು. ಪುಡಿ ಯಾರು ಕೊಟ್ಟರು, ಬೆಳ್ಳಿಯ ಬದಲು ಯಾಕೆ ಇಟ್ಟೆ, ಅಣ್ಣನ ಕಾಲಬಳಿ ಹೇಗೆ ಕೂತೆ. ಒಂದನ್ನೂ ಕೇಳಲಿಲ್ಲ.

“ಕೂಸು ಎಲ್ಲೈತಿ?” ಎಂದಳು.

“ಅದರಾಗ ಸುತ್ತೇವ್ರಿ.”